ನೀರಿನಲ್ಲಿ ಕೇಳಿದ ಸದ್ದು

ನನ್ನ ಮಾವ ಅಚ್ಚುತ ಆಚಾರಿಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲ ಎಂದು ಪುತ್ತೂರಿನ ಹತ್ತಿರದ ನಮ್ಮ ಸವಣೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ಶುದ್ಧ ಸುಳ್ಳು. ಹೆದರಿದ ಕತೆಯನ್ನು ಮಾವನೇ ನನಗೆ ಹೇಳಿದ್ದಾರೆ, ಅದೂ ಮಗಳನ್ನು ಕೊಟ್ಟು ಹತ್ತು ವರ್ಷವಾದ ಮೇಲೆ.

ಮಾವ ಕಮ್ಮಾರ. ಅವರು ಹದ ಕೊಟ್ಟ ಕತ್ತಿ ಬಾಗುವುದಿಲ್ಲ, ಮುರಿಯುವುದಿಲ್ಲ ಎಂದು ಹೆಸರಿತ್ತು. ಆ ಹೆಸರು ಅವರ ತಲೆಗೂ ಏರಿತ್ತು ಎಂದು ಅತ್ತೆ ಶಂಕರಿ ಹೇಳುವುದುಂಟು. ನಾನು ಇಲ್ಲ ಎನ್ನಲಾರೆ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಒಂದು ಸೋಮವಾರ ಒಸ್ಸಾನ್ ಮೂಸಕುಂಞಿ ಕುಲುಮೆಗೆ ಬಂದ. ಒಸ್ಸಾನ್ ಎಂದರೆ ಬ್ಯಾರಿ ಮುಸ್ಲಿಮರ ಗಂಡುಮಕ್ಕಳಿಗೆ ಮುಂದೊಗಲು ಕತ್ತರಿಸಿ ಸುನ್ನತ್ ಮಾಡುವವನು. ಬೊಂಬಾಯಿಯಿಂದ ಅವನ ತಮ್ಮ ತಂದುಕೊಟ್ಟ ಸ್ಟೇನ್‌ಲೆಸ್ ಸ್ಟೀಲಿನ ಕತ್ತಿಯನ್ನು ಶುದ್ಧವಾಗಲಿ ಎಂದು ಕೆಂಡದಲ್ಲಿಟ್ಟು ಮರೆತುಬಿಟ್ಟಿದ್ದ. ಹದ ಹೋಗಿ ಅಲಗು ಮೆತ್ತಗಾಗಿತ್ತು.

"ಗುರುವಾರ ಬೀಫಾತುಮ್ಮನ ಮೊಮ್ಮಗನ ಸುನ್ನತ್ ಉಂಟು ಆಚಾರ್ರೆ. ಇದನ್ನೊಂದು ಸರಿ ಮಾಡಿ ಕೊಡಿ."

"ಕಬ್ಬಿಣವೇ ಅಲ್ವ ಮಾರಾಯ, ಕೊಡುವ."

ಮಾವ ಎಂದಿನಂತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಅರದಿಂದ ಉಜ್ಜಿ ನೋಡಿದರೆ ಅಲಗು ಇನ್ನೂ ಮೆತ್ತಗೆ. ಮೂಸಕುಂಞಿ ಪಕ್ಕದಲ್ಲೇ ನಿಂತಿದ್ದ, ಇನ್ನು ಮಾನದ ಪ್ರಶ್ನೆ. ಅತ್ತೆಗೆ ತಿದಿ ಜೋರಾಗಿ ಒತ್ತಲು ಹೇಳಿ, ಕತ್ತಿ ಕೆಂಪು ದಾಟಿ ಹಳದಿಗೆ ತಿರುಗಿದ ಮೇಲೆ ಪುನಃ ನೀರಿಗೆ ಹಾಕಿದರು. ಟಿಣ್ ಎಂದು ಸಣ್ಣ ಸದ್ದು ಬಂತು. ತೆಗೆದು ತಿರುಗಿಸಿ ನೋಡಿದರು, ಬಿರುಕು ಕಾಣಲಿಲ್ಲ. ಈ ಸಲ ಅರ ಜಾರಿತು, ಅಷ್ಟು ಗಟ್ಟಿಯಾಗಿತ್ತು. ಮಸೆದು ಕೊಟ್ಟು ಕಳಿಸಿದರು.

ಗುರುವಾರ ಬೆಳಿಗ್ಗೆ ಹೊಸ ಅರ ಕೊಳ್ಳಲು ಪುತ್ತೂರಿಗೆ ಹೋದವರು, ಲಾರಿ ರಿಪೇರಿಯ ತ್ಯಾಂಪಣ್ಣನ ಬಳಿ ಈ ಕೆಲಸದ ಬಗ್ಗೆ ಕೊಚ್ಚಿಕೊಂಡರು. ತ್ಯಾಂಪಣ್ಣ ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದವನು.

"ನೀರಿಗೆ ಹಾಕಿದ್ರಾ? ಹಳದಿ ಕಾವು ಕೊಟ್ಟದ್ದು ಸರಿ. ಆದ್ರೆ ಆ ಸ್ಟೀಲನ್ನು ಎಣ್ಣೆಗೆ ಹಾಕುದು, ತೆಳ್ಳಗಿದ್ರೆ ಗಾಳಿಯೇ ಸಾಕು. ನೀರಾದ್ರೆ ಬಿರಿತದೆ, ಕಣ್ಣಿಗೆ ಕಾಣುದೂ ಇಲ್ಲ. ಸದ್ದು ಎಂತ ಬರ್ಲಿಲ್ವ?"

"ಇಲ್ಲ" ಎಂದರು ಮಾವ. ಹಾಗೆಂದವರು ಅರ ಕೊಳ್ಳುವುದನ್ನೂ ಮರೆತು ಬಸ್ ಹಿಡಿದರು.

ಸವಣೂರಿನ ಬಸ್ಸಿನಲ್ಲಿ ಅವರಿಗೆ ಕೂರಲೂ ಆಗಲಿಲ್ಲ. ಅಲಗಿನ ಒಂದು ಚೂರು ಮಗುವಿನ ಮೈಯೊಳಗೆ ಮುರಿದು ಉಳಿದರೆ? ರಕ್ತ ನಿಲ್ಲದಿದ್ದರೆ? ಬೀಫಾತುಮ್ಮನಿಗೆ ಇರುವುದು ಅದೊಂದೇ ಮೊಮ್ಮಗ. ನಡುನಡುವೆ, ಕತ್ತಿ ಗಟ್ಟಿಯೇ ಇದ್ದರೆ ಸುಮ್ಮನೆ ಹೋಗಿ ಮಾನ ಕಳೆದುಕೊಳ್ಳುವುದೇಕೆ ಎಂದೂ ಅನಿಸಿತಂತೆ. ಇದನ್ನು ಹೇಳುವಾಗ ಮಾವ ನನ್ನ ಮುಖ ನೋಡಲಿಲ್ಲ. ನನಗಂತೂ ಸಿಟ್ಟು ಬಂದಿತ್ತು.

ಬಸ್ಸಿಳಿದು ಓಡಿದರು. ಬೀಫಾತುಮ್ಮನ ಅಂಗಳ ತಲುಪುವಾಗ ಒಳಗಿನಿಂದ ಹುಡುಗನ ಚೀರಾಟ ಕೇಳಿತು. ಮಾವ ಜಗಲಿ ಹತ್ತಿ ಒಳಗೆ ನುಗ್ಗಿದರು. ನೋಡಿದರೆ ಹುಡುಗನನ್ನು ಆಗಷ್ಟೇ ಹಿಡಿದು ಕೂರಿಸಿದ್ದರು. ಮೂಸಕುಂಞಿಯ ಕೈಯಲ್ಲಿ ಕತ್ತಿ ಇತ್ತು.

"ಅದನ್ನು ಇಲ್ಲಿ ಕೊಡು ಮಾರಾಯ."

ಬಾಗಿಲಿನ ಸಂದಿಗೆ ಅಲಗನ್ನು ಸಿಕ್ಕಿಸಿ ಒಂದಿಷ್ಟು ಒತ್ತಿದರು. ಒಣ ಕಡ್ಡಿಯಂತೆ ಎರಡಾಯಿತು. ಮುರಿದ ಜಾಗದ ಅರ್ಧದಷ್ಟು ಕಪ್ಪಾಗಿತ್ತು, ಸೋಮವಾರವೇ ಬಿದ್ದ ಬಿರುಕು.

ಬೀಫಾತುಮ್ಮ ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಮಾವ ಎಲ್ಲರೆದುರು ತಪ್ಪು ಒಪ್ಪಿದರು.

"ನೀರಿಗೆ ಹಾಕುವಾಗ ಒಂದು ಸದ್ದು ಬಂದಿತ್ತು. ನಾನು ಹೇಳಲಿಲ್ಲ."

ಮೂಸಕುಂಞಿ ಆ ಎರಡು ತುಂಡುಗಳನ್ನು ಹೆಕ್ಕಿಕೊಂಡ.

"ನನಗೂ ಕೇಳಿತ್ತು ಆಚಾರ್ರೆ. ನೀವು ಎಂತ ಹೇಳ್ಲಿಲ್ಲ, ಹಾಗಾಗಿ ಎಂತ ಆಗ್ಲಿಲ್ಲ ಅಂತ ಗ್ರಹಿಸಿದೆ."

ಕತ್ತಿ ಮುರಿದಾಗಲೂ ಆಗದಷ್ಟು ಹೆದರಿಕೆ ಮಾವನಿಗೆ ಆದದ್ದು ಆಗ.