ಉಸಿರೆಳೆದು ಹೌದೆನ್ನುವ ಮಾಸ್ತರು

ನಾನು ಚಿಕ್ಕವನಿದ್ದಾಗ, ಅಂದರೆ ಆರನೇ ತರಗತಿಯ ಕೊನೆಯಿಂದ ಎರಡನೇ ಬೆಂಚಿನ ಗಣ್ಯ ನಿವಾಸಿಯಾಗಿದ್ದಾಗ, ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಬಾಡಿಗೆಗಿದ್ದೆವು. ಅಪ್ಪನಿಗೆ ಬಂದರಿನ ಕಚೇರಿಯಲ್ಲಿ ಕೆಲಸ. ನಮ್ಮ ಊರು ಕೃಷ್ಣಾ ನದಿಯ ದಂಡೆಗೆ, ಜಮಖಂಡಿ ಕಡೆ. ಹಾಗಾಗಿ ಮನೆಯೊಳಗೆ ಆ ಕಡೆಯ ಕನ್ನಡ, ಬಾಗಿಲಾಚೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಮೂರರಲ್ಲೂ ನಾನು ಯಾವ ಪಕ್ಷಪಾತವಿಲ್ಲದೆ ತಪ್ಪು ಮಾಡುತ್ತಿದ್ದೆ.

ಆ ವರ್ಷ ನಮ್ಮ ಮಾಳಿಗೆಯ ಕೋಣೆಗೆ ಇಥಿಯೋಪಿಯಾ ದೇಶದ ಒಬ್ಬ ಯುವಕ ಬಂದ. ಶಿಕ್ಷಕನಾಗುವ ಓದಿಗೆಂದು ಸಮುದ್ರ ದಾಟಿ ಬಂದವನು. ಬಹಳ ಎತ್ತರ, ನಮ್ಮ ಬಾಗಿಲಲ್ಲಿ ದಿನಾ ತಲೆ ಬಗ್ಗಿಸಿ ಒಳಬರುವುದನ್ನು ಅಮ್ಮ ವಿನಯವೆಂದೇ ತಿಳಿದಿದ್ದಳು. ನಾವು ಅವನನ್ನು ‘ಮಾಳಿಗಿ ಅಣ್ಣ’ ಎನ್ನುತ್ತಿದ್ದೆವು. ಸಂಜೆಯ ಊಟ ನಮ್ಮಲ್ಲೇ.

ಮೊದಲ ದಿನ ಅಮ್ಮ ಜೋಳದ ರೊಟ್ಟಿಯ ಜೊತೆ ಗೋಂಗೂರ, ಅಂದರೆ ನಮ್ಮ ಪುಂಡಿ ಸೊಪ್ಪಿನ ಚಟ್ನಿ ಬಡಿಸಿ, “ರುಚಿ ಐತೇನು ತಮ್ಮಾ?” ಎಂದು ಕೈಸನ್ನೆ ಸಮೇತ ಕೇಳಿದಳು. ಅವನು ಬಾಯಿ ತುಸು ತೆರೆದು, ಹಾವು ಕಂಡವರ ಹಾಗೆ ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡ. “ಅಯ್ಯ, ಖಾರ ಹತ್ತೇತಿ” ಎಂದು ಅಮ್ಮ ನೀರಿಗೆ ಓಡಿದಳು. ಅವನು ನೀರು ಮುಟ್ಟಲಿಲ್ಲ. ಇನ್ನಷ್ಟು ಚಟ್ನಿ ಹಾಕಿಸಿಕೊಂಡ. ಅಕ್ಕ ಒಂದು ವಾರ ಸಂಶೋಧನೆ ನಡೆಸಿದಳು. ಅನ್ನ ಬೇಕೆ ಎಂದರೆ ಉಸಿರು, ಹಿಂದೆಯೇ ಮುಂದಕ್ಕೆ ಬರುವ ತಟ್ಟೆ. ಮಜ್ಜಿಗೆ ಬೇಕೆ ಎಂದರೆ ಉಸಿರು, ಮುಂದಕ್ಕೆ ಬರುವ ಲೋಟ. ಭಾನುವಾರ ತೀರ್ಪು ಹೊರಬಿತ್ತು: “ಅವರ ದೇಶದಾಗ ಹೌದ ಅನ್ನೂದು ಹಿಂಗ. ಬಾಯಿಲೆ ಅನ್ನೂದಿಲ್ಲ, ಉಸರ ಒಳಗ ಎಳ್ಕೋತಾರ.” ಅಂದಿನಿಂದ ಅಪ್ಪ ಕೂಡ ಉಸಿರೆಳೆದೇ ಸಾರು ಹಾಕಿಸಿಕೊಳ್ಳತೊಡಗಿದ. ಅವನ ಉಸಿರನ್ನು ನಾವು ಕಲಿತುಬಿಟ್ಟೆವು. ಇಲ್ಲಿನವರಿಗೆ ಅದು ಗಾಬರಿಯ ಸದ್ದು ಎಂದು ಅವನಿಗೆ ಹೇಳುವುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಪಾಠ ಮಾಡುವ ಅಭ್ಯಾಸಕ್ಕೆಂದು ಕಾಲೇಜಿನವರು ಅವನನ್ನು ಕಳಿಸಿದ್ದು ನಮ್ಮ ಶಾಲೆಗೆ, ಅದೂ ನಮ್ಮ ತರಗತಿಗೆ. ಮೊದಲ ಪಾಠಕ್ಕೆ ಪ್ರೊಫೆಸರು ಹಿಂದೆ ಕೂತು ಅಂಕ ಹಾಕುತ್ತಾರೆ, ಅದು ಕೆಟ್ಟರೆ ಓದಿಗೆ ಕಳಿಸಿದ ಅವನ ಸರ್ಕಾರ ವಾಪಸು ಕರೆಸಿಕೊಂಡರೂ ಕರೆಸಿಕೊಂಡೀತು ಎಂದು ಅಪ್ಪ ಹೇಳಿದ. ಹಿಂದಿನ ದಿನ ಅವನೂ ಅಕ್ಕನೂ ನೆಲದ ಮೇಲೆ ದೊಡ್ಡ ಹಾಳೆ ಹರಡಿ ಕೃಷ್ಣಾ ನದಿಯ ನಕಾಶೆ ಬರೆದರು. ಕೆಳಗಡೆ ಚಿಕ್ಕಮ್ಮನ ಊರಾದ ವಿಜಯವಾಡ, ಅದರ ಇಂದ್ರಕೀಲಾದ್ರಿ ಬೆಟ್ಟ, ನದಿಗೆ ಅಡ್ಡಲಾಗಿ ಬ್ಯಾರೇಜು. ಪಾಠದಲ್ಲಿ ಇಲ್ಲದಿದ್ದರೂ ಅಕ್ಕ ನಮ್ಮ ಊರಿಗೂ ಒಂದು ಕೆಂಪು ಚುಕ್ಕೆ ಇಟ್ಟಳು.

ಬೆಳಿಗ್ಗೆ ಅವನು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ನಕಾಶೆಯ ಸುರುಳಿಯನ್ನು ಕಂಕುಳಲ್ಲಿಟ್ಟು ಗೇಟಿನ ಬಳಿ ನನಗಾಗಿ ಕಾಯುತ್ತಿದ್ದ. ಈಗ ನನ್ನ ಅಪರಾಧ ಬರುತ್ತದೆ, ಸರಿಯಾಗಿ ಕೂತುಕೊಳ್ಳಿ. ಶಾಲೆಯಲ್ಲಿ ನನ್ನನ್ನು ಆಗಲೇ “ಏ ಕನ್ನಡಂ” ಎಂದು ರೇಗಿಸುತ್ತಿದ್ದರು. ಇವನ ಜೊತೆ ಕಂಡರೆ ಇನ್ನೇನು ಹೆಸರಿಡುತ್ತಾರೋ ಎಂದು ನನಗೆ ಭಯ. “ಅಣ್ಣಾ, ಶಾಲೆಯಲ್ಲಿ ನನ್ನ ಗುರುತಿದೆ ಅಂತ ತೋರಿಸಬೇಡ” ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬಹಳ ಮೆಲ್ಲಗೆ ಉಸಿರೆಳೆದುಕೊಂಡ. ಹೌದು.

ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಸಮುದ್ರದ ಉಪ್ಪುಗಾಳಿಗೆ ನಕಾಶೆಯ ತುದಿ ಪಟಪಟ ಬಡಿಯುತ್ತಿತ್ತು. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು.

ಪಾಠ ಚೆನ್ನಾಗಿಯೇ ಶುರುವಾಯಿತು. ಹಿಂದಿನ ಗೋಡೆಯ ಬಳಿ ಪ್ರೊಫೆಸರು ಮೂಗಿನ ತುದಿಗೆ ಕನ್ನಡಕ ಇಳಿಸಿ ಕೂತಿದ್ದರು. ಕೃಷ್ಣೆ ಹುಟ್ಟುವುದೆಲ್ಲಿ ಎಂಬುದು ಮೊದಲ ಪ್ರಶ್ನೆ. ಮುಂದಿನ ಬೆಂಚಿನ ಜಾಣ ಎದ್ದು “ಮಹಾಬಲೇಶ್ವರ, ಸಾರ್” ಎಂದ. ಅಣ್ಣ ಆನಂದದಿಂದ ಜೋರಾಗಿಯೇ ಉಸಿರೆಳೆದುಕೊಂಡ. ಹುಡುಗ ಬೆಚ್ಚಿಬಿದ್ದು, “ಅಲ್ಲ ಸಾರ್, ಹಿಮಾಲಯ” ಎಂದು ತಿದ್ದಿಕೊಂಡು ಕುಸಿದ. ಬ್ಯಾರೇಜು ಇರುವ ಊರು ಯಾವುದು? ಒಬ್ಬ ಹುಡುಗಿ “ವಿಜಯವಾಡ” ಎಂದಳು. ಮತ್ತೆ ಉಸಿರು. ಎಂಥ ಘೋರ ತಪ್ಪಾಯಿತೋ ಎಂದು ಅವಳ ಕಣ್ಣಲ್ಲಿ ನೀರು ತುಂಬಿತು.

“ಸಾರ್‌ಕಿ ಏಮೈಂದಿರಾ? ಗುಂಡೆ ನೊಪ್ಪಾ?” ಎಂದು ಪಕ್ಕದವನು ನನ್ನ ಕಿವಿಯಲ್ಲಿ ಕೇಳಿದ. ಸಾರಿಗೆ ಎದೆನೋವೇ ಎಂದು ಅವನ ಅನುಮಾನ.

“ನಾಕೇಂ ತೆಲುಸು” ಎಂದೆ. ನನಗೇನು ಗೊತ್ತು. ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮೂರನೆಯ ಪ್ರಶ್ನೆ, ನದಿ ಸೇರುವುದು ಯಾವ ಸಮುದ್ರವನ್ನು. ಒಂದು ಕೈಯೂ ಮೇಲೇಳಲಿಲ್ಲ. ಉತ್ತರ ಕಿಟಕಿಯಾಚೆ ಮೊರೆಯುತ್ತಿತ್ತು. ಒಳಗೆ ಪ್ರೊಫೆಸರ ಪೆನ್ನಿನ ಸದ್ದು ಮಾತ್ರ. ಅಣ್ಣನ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವನ ಕಣ್ಣು ಬೆಂಚಿನಿಂದ ಬೆಂಚಿಗೆ ಸರಿಯುತ್ತ ನನ್ನ ಮೇಲೆ ಬಂತು. ಬಂದು, ನಿಲ್ಲದೆ ಮುಂದೆ ಹೋಯಿತು. ಕೊಟ್ಟ ಮಾತು ಉಳಿಸಿಕೊಂಡ. ಅವನು ನನ್ನನ್ನು ಕೇಳಿದ್ದರೆ ನಾನು ಸುಮ್ಮನೆ ಕೂತಿರುತ್ತಿದ್ದೆನೋ ಏನೋ. ಕೇಳದೆ ಹೋದನಲ್ಲ, ಅದನ್ನು ತಡೆಯಲಾಗಲಿಲ್ಲ.

ಎದ್ದೆ. “ಬಂಗಾಳ ಕೊಲ್ಲಿ, ಸಾರ್.” ಅವನು ಉಸಿರೆಳೆದುಕೊಂಡ. ನಾನು ಉತ್ತರ ಬದಲಿಸುವುದನ್ನು ತರಗತಿಯೇ ಕಾಯಿತು. ನಾನು ಕೂರಲಿಲ್ಲ. ಅವರ ದೇಶದಲ್ಲಿ ಹಾಗೆ ಉಸಿರೆಳೆದರೆ ಹೌದೆಂದು ಅರ್ಥ, ನಾವು ಮೂವರೂ ಮೊದಲು ಹೇಳಿದ್ದು ಸರಿ ಎಂದೆ.

“ನೀಕೆಲಾ ತೆಲುಸು?” ನಿನಗೆ ಹೇಗೆ ಗೊತ್ತು ಎಂದಿತು ಹಿಂದಿನ ಬೆಂಚು.

“ಮಾ ವಾಳ್ಳೇ” ಎಂದೆ. ನಮ್ಮವರೇ.

ತನ್ನ ಉಸಿರು ಏನೇನು ಮಾಡಿದೆ ಎಂದು ಅಣ್ಣನಿಗೆ ಆಗ ತಿಳಿಯಿತು. ನಕಾಶೆ ತೋರಿಸುವ ಕೋಲನ್ನು ಮೇಜಿನ ಮೇಲಿಟ್ಟು, ಆ ಹುಡುಗಿಯ ಬಳಿ ಹೋಗಿ, ಬಗ್ಗಿ ಕ್ಷಮೆ ಕೇಳಿದ. ಆಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದ. “ವಿಜಯವಾಡ” ಎಂದಳು, ಕೇಳಿಸದಷ್ಟು ಮೆಲ್ಲಗೆ. ಈ ಸಲ ಇಡೀ ತರಗತಿ ಒಟ್ಟಿಗೆ ಉಸಿರೆಳೆಯಿತು. ಪ್ರೊಫೆಸರು ಬರೆದದ್ದನ್ನು ಹೊಡೆದುಹಾಕಿ ಇನ್ನೇನೋ ಬರೆದರು. ಅದೇನೆಂದು ನನಗೆ ತಿಳಿಯದು. ಅವನು ಓದು ಮುಗಿಯುವ ತನಕ ನಮ್ಮ ಮಾಳಿಗೆಯಲ್ಲೇ ಇದ್ದ ಎಂಬುದು ಮಾತ್ರ ಗೊತ್ತು. ಮರುದಿನ ಹಾಜರಿಗೆ ಎಲ್ಲರೂ ಉಸಿರೆಳೆದೇ ಉತ್ತರಿಸಿದಾಗ ನಮ್ಮ ಕ್ಲಾಸ್ ಟೀಚರು ಗಾಳಿ ಸಾಲದೆಂದು ಕಿಟಕಿಗಳನ್ನೆಲ್ಲ ತೆಗೆಸಿದರು.

ಪಾಠದ ದಿನ ಸಂಜೆ ಮನೆಗೆ ಮರಳುವಾಗ ನಕಾಶೆಯ ಒಂದು ತುದಿ ನಾನು ಹಿಡಿದೆ, ಪಕ್ಕದಲ್ಲೇ ನಡೆದೆ. “ಒಪ್ಪಂದ ಮುರಿದದ್ದು ನೀನು, ನಾನಲ್ಲ” ಎಂದ ಅಣ್ಣ, ನ್ಯಾಯಾಧೀಶರ ಗಾಂಭೀರ್ಯದಲ್ಲಿ.

ಮಕ್ಕಳೇ, ನೀವು ಹೌದೆನ್ನಲು ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಒತ್ತುತ್ತೀರಿ. ಇಥಿಯೋಪಿಯಾ ಎಲ್ಲಿ ಎಂದರೆ ಅಲ್ಲಿನ ಬೀದಿಗಳನ್ನೂ ತೋರಿಸುತ್ತೀರಿ. ನಮಗೆ ಒಂದು ಉಸಿರಿನ ಅರ್ಥ ಹುಡುಕಲು ಒಂದು ವಾರ ಹಿಡಿಯಿತು. ಆದರೆ ನಿಮ್ಮ ತರಗತಿಗೆ ಹೊಸದಾಗಿ ಬಂದ ಹುಡುಗಿ ಒಬ್ಬಳೇ ಕೂತು ಡಬ್ಬಿಯ ಊಟ ಮಾಡುತ್ತಾಳೆ ಎಂದು ಮೊನ್ನೆ ಹೇಳಿದಿರಲ್ಲ, ಅವಳ ಪಕ್ಕ ಹೋಗಿ ಕೂರುವ ಕೆಲಸ ಫೋನಿನಿಂದಾಗದು. ನಾನು ಏಳುವುದಕ್ಕೆ ಮೂರು ಪ್ರಶ್ನೆ ಬೇಕಾಯಿತು. ಅಷ್ಟರಲ್ಲಿ ಸರಿಯಾದ ಉತ್ತರ ಹೇಳಿದ ಇಬ್ಬರು ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಆ ಎರಡು ತಲೆಗಳು ಇವತ್ತಿಗೂ ಕಣ್ಣ ಮುಂದಿವೆ. ನೀವು ಎರಡನೆಯ ಪ್ರಶ್ನೆಗೇ ಎದ್ದರೆ ಈ ಅಜ್ಜ ಏನೂ ಹೇಳುವುದಿಲ್ಲ. ಒಮ್ಮೆ ಉಸಿರೆಳೆದುಕೊಳ್ಳುತ್ತೇನೆ. ಆಗ ನೀರು ತರಲು ಓಡಬೇಡಿ.