ಬಿದಿರ ಸೀಳಿನಲ್ಲಿ ತವರಿನ ಮಣ್ಣು

ಕಲ್ಲುಕೊಪ್ಪದ ಶಾಂತರಾಜಯ್ಯನವರ ಹೆಂಡತಿ ಪ್ರಭಾವತಿಗೆ ಕೈಗುಣವಿಲ್ಲ ಎಂಬ ಮಾತು ಹುಟ್ಟಿದ್ದು ಮೆಣಸಿನ ಬಳ್ಳಿಯಿಂದ. ಹೊಸನಗರದಿಂದ ಹುಂಚದ ಕಡೆಗೆ ಹೋಗುವ ಗಾಡಿದಾರಿಯ ಪಕ್ಕದ ಆ ಊರಿಗೆ ಅವಳು ಸೊಸೆಯಾಗಿ ಬಂದಾಗ, ತೀರ್ಥಹಳ್ಳಿಯ ಆಚೆಯ ತವರಿನಿಂದ ಕಾಳುಮೆಣಸಿನ ಬಳ್ಳಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತಂದಿದ್ದಳು. ಮನೆಯ ಹಿಂದಿನ ಇಳಿಜಾರಿನಲ್ಲಿ ಹಾಲುವಾಣದ ಮರಗಳ ಬುಡಕ್ಕೆ ತಾನೇ ಊರಿದಳು. ಬಳ್ಳಿ ಹತ್ತಿತು, ಚಿಗುರಿತು, ಎಲ್ಲರೂ ಮೆಚ್ಚಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ, ಗಿಣ್ಣು ಗಿಣ್ಣೂ ಕಳಚಿ ನೆಲಕ್ಕೆ ಬಿತ್ತು. ಮರುವರ್ಷ ಮತ್ತೆ ತಂದಳು. ಆಗಲೂ ಅದೇ ಗತಿ.

ಅತ್ತೆ ಜ್ವಾಲಾಮಾಲಿನಮ್ಮ ಕೆಟ್ಟವರಲ್ಲ. "ಬೇಜಾರ್ ಮಾಡ್ಕೋಬೇಡ ಮಗಾ, ಕೆಲವರ ಕೈಲಿ ಬಳ್ಳಿ ಹತ್ತಲ್ಲ" ಎಂದು ಸಮಾಧಾನವನ್ನೇ ಹೇಳಿದರು. ಆದರೆ ಪ್ರಭಾವತಿಗೆ ಬೈಗುಳಕ್ಕಿಂತ ಆ ಸಮಾಧಾನವೇ ಹೆಚ್ಚು ಚುಚ್ಚಿತು. ತವರಿನಲ್ಲಿ ಇದೇ ಕೈ ಊರಿದ ಬಳ್ಳಿಗಳು ಇವತ್ತಿಗೂ ಮರದ ತುದಿ ಮುಟ್ಟುತ್ತಿದ್ದವಲ್ಲ! ಗಂಡನ ಮನೆಗೆ ಬಂದ ಕೂಡಲೇ ಕೈ ಬದಲಾಗುತ್ತದೆಯೇ? ಅವಳು ಅತ್ತೆಗೆ ಎದುರಾಡಲಿಲ್ಲ. ಇಲ್ಲಿಯ ಮಣ್ಣೇ ಸತ್ವವಿಲ್ಲದ್ದು, ತವರಿನದು ಬಂಗಾರದಂಥದ್ದು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು.

ಹೀಗಿರುವಾಗ, ಮೂವತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯಲ್ಲಿ, ಬೇಸಾಯದ ಇಲಾಖೆಯ ಮಂಜುನಾಥಪ್ಪ ಎಂಬುವರು ಕಲ್ಲುಕೊಪ್ಪಕ್ಕೆ ಬಂದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕೆಂಪು ಮಣ್ಣನ್ನು ನೋಡಿ, ಅದು ಎಲ್ಲೆಲ್ಲಿ ಒಂದೇ, ಎಲ್ಲೆಲ್ಲಿ ಬೇರೆ ಎಂದು ತಿಳಿಯುವುದು ಅವರಿಗೆ ವಹಿಸಿದ ಕೆಲಸ. ಶಾಂತರಾಜಯ್ಯನವರ ಹಿತ್ತಿಲ ಇಳಿಜಾರಿನಲ್ಲಿ ಒಂದು ಗುಂಡಿ ತೋಡಬೇಕು ಎಂದು ಕೇಳಿದರು.

ಜ್ವಾಲಾಮಾಲಿನಮ್ಮ ಬಾಗಿಲಲ್ಲೇ ತಡೆದರು. "ಬಾವಿ ತೋಡಿದ್ರೆ ನೀರು ಸಿಗತ್ತೆ, ಪಾಯ ತೋಡಿದ್ರೆ ಮನೆ ಆಗತ್ತೆ. ಸುಮ್ನೆ ನೋಡೋಕೆ ಅಂತ ಅಗೀತಾರಾ? ಮಣ್ಣಿಗೂ ಜೀವ ಇದೆ ಅಂತಾರೆ ನಮ್ಮ ಜೈನರಲ್ಲಿ. ಅದರೊಳಗಿನ ಹುಳ ಹುಪ್ಪಟೆ ಬೇರೆ."

ಮಂಜುನಾಥಪ್ಪ ನಗಲಿಲ್ಲ. "ಹುಳ ಸಿಕ್ರೆ ಎತ್ತಿ ನೆರಳಿಗೆ ಬಿಡಿಸ್ತೀನಿ ಅಮ್ಮಾ. ಯಾವ ಮಣ್ಣು ಯಾವ ಆಳದಿಂದ ಬಂತೋ ಅದನ್ನ ಅದೇ ಆಳಕ್ಕೆ ತುಂಬಿ ಮುಚ್ತೀನಿ. ಮಣ್ಣಿಗೆ ಜೀವ ಇದೆ ಅಂತ್ಲೇ ನಂಗೂ ಅನ್ಸಿದೆ" ಎಂದರು. ಮುದುಕಿ ಅವರ ಮುಖವನ್ನು ಒಂದು ಗಳಿಗೆ ನೋಡಿ ದಾರಿ ಬಿಟ್ಟರು.

ಕನ್ನಪ್ಪ ಎಂಬ ಆಳು ಹಾರೆ ಗುದ್ದಲಿ ಹಿಡಿದು ಆಳೆತ್ತರದ ಗುಂಡಿ ತೋಡಿದ. ಪ್ರಭಾವತಿ ಹುಳಗಳನ್ನು ಎಲೆಯ ಮೇಲೆತ್ತಿಕೊಳ್ಳುವ ನೆಪದಲ್ಲಿ ಗುಂಡಿಯ ಅಂಚಿಗೇ ಬಂದು ಕೂತಳು. ಮಂಜುನಾಥಪ್ಪ ಏಣಿಯಿಂದ ಒಳಗಿಳಿದು, ಗುಂಡಿಯ ಒಂದು ಗೋಡೆಯನ್ನು ಚಾಕುವಿನಿಂದ ಹೆರೆದು ಹಸನು ಮಾಡಿದರು. ಆಗ ಅವಳ ಕಣ್ಣಿಗೆ ಕಂಡದ್ದು ಅದುವರೆಗೆ ಕಾಣದ ನೋಟ. ಮೇಲೆ ಕಪ್ಪು, ಅದರ ಕೆಳಗೆ ಕಂದು, ಅದರ ಕೆಳಗೆ ಇಟ್ಟಿಗೆಗೆಂಪು. ದಿನವೂ ತುಳಿದಾಡುವ ನೆಲದೊಳಗೆ ಇಷ್ಟೆಲ್ಲ ಇತ್ತೇ?

"ನಾನೂ ಇಳಿದು ನೋಡ್ಲಾ?" ಎಂದು ಕೇಳಿಯೇಬಿಟ್ಟಳು. ಕೇಳಿದ ಮೇಲೆ ನಾಚಿಕೆಯಾಗಿ ಗಂಡನ ಕಡೆ ನೋಡಿದಳು. ಶಾಂತರಾಜಯ್ಯ ಏಣಿಯನ್ನು ಗಟ್ಟಿಯಾಗಿ ಹಿಡಿದು, "ಇಳಿ, ಸೀರೆ ಕಾಲಿಗೆ ಸಿಕ್ಕೀತು" ಎಂದಷ್ಟೇ ಹೇಳಿದರು.

ಮಂಜುನಾಥಪ್ಪ ಪ್ರತಿಯೊಂದು ಪದರದಿಂದಲೂ ಚಿಟಿಕೆ ಮಣ್ಣು ತೆಗೆದು, ನೀರು ಚಿಮುಕಿಸಿ, ಬಣ್ಣ ನೋಡುತ್ತಿದ್ದರು. ಒಣಗಿದಾಗಿನ ಬಣ್ಣವನ್ನು ನಂಬಬಾರದಂತೆ. ಆಮೇಲೆ ಹೆಬ್ಬೆರಳಿನಿಂದ ತಿಕ್ಕಿ, ಅಂಗೈಯಲ್ಲಿ ಶಾವಿಗೆಯ ಎಳೆಯಂತೆ ಹೊಸೆಯುತ್ತಿದ್ದರು. ಮರಳು ಹೆಚ್ಚಿದ್ದರೆ ಎಳೆ ಮುರಿಯುತ್ತದೆ, ಜೇಡಿ ಹೆಚ್ಚಿದ್ದರೆ ಬಳುಕುತ್ತದೆ. ಪ್ರಭಾವತಿಯೂ ಹೊಸೆದಳು. ಮೇಲಿನ ಮಣ್ಣು ಪುಡಿಯಾಯಿತು. ಕೆಳಗಿನದು ಉಂಗುರದಂತೆ ಬಾಗಿತು.

"ನಮ್ಮ ತವರಿನ ಮಣ್ಣು ಇದಕ್ಕಿಂತ ಎಷ್ಟೋ ಒಳ್ಳೇದು" ಎಂದಳು, ಮೇಲೆ ನಿಂತ ಅತ್ತೆಗೆ ಕೇಳಿಸಲಿ ಎಂದೇ.

"ಹೇಗ್ ಹೇಳ್ತೀರಮ್ಮ?"

"ಅಲ್ಲಿ ಮೆಣಸು ಬರತ್ತೆ, ಇಲ್ಲಿ ಸಾಯತ್ತೆ."

"ಅದರಿಂದ ಎರಡೂ ಬೇರೆ ಅಂತ ಹೇಳಬಹುದೇನೋ. ಒಳ್ಳೇದು ಕೆಟ್ಟದ್ದು ಹೇಗ್ ಹೇಳೋದು? ಅಕ್ಕಪಕ್ಕ ಇಟ್ಟು ನೋಡ್ಬೇಕು. ಇಳಿಜಾರಲ್ಲೂ ಇದೇ ಥರದ ಜಾಗ ಆಗಿರಬೇಕು. ಮೇಲಿನ ಪದರಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು."

"ಹಾಗಾದ್ರೆ ಒಂದು ಗಂಟು ತಂದುಕೊಡ್ಲಾ? ನಾಡಿದ್ದು ತವರಿಗೆ ಹೋಗೋದಿದೆ."

"ಗಂಟಲ್ಲಿ ಎಲ್ಲಾ ಕಲಸಿಹೋಗತ್ತೆ. ಮೇಲ್ಯಾವುದು ಕೆಳಗ್ಯಾವುದು ತಿಳಿಯಲ್ಲ." ಅವರು ತಾವು ತಂದಿದ್ದ ಉದ್ದನೆಯ ಮರದ ಪೆಟ್ಟಿಗೆಯನ್ನು ತೋರಿಸಿದರು. ಗುಂಡಿಯ ಗೋಡೆಗೆ ಅದನ್ನು ಒತ್ತಿ, ಹಿಂದಿನಿಂದ ಕಡಿದರೆ, ಪದರಗಳು ಇದ್ದ ಹಾಗೇ ಪೆಟ್ಟಿಗೆಯೊಳಗೆ ಬರುತ್ತಿದ್ದವು. "ಇನ್ನೊಂದು ಪೆಟ್ಟಿಗೆ ನನ್ನ ಹತ್ರ ಇಲ್ಲ. ಸಾಗರದ ಕಡೆ ಕೆಲಸ ಮುಗಿಸ್ಕೊಂಡು ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಮಾಡೋಕಾದ್ರೆ ಮಾಡಿ" ಎಂದು ಹೊರಟುಹೋದರು. ಹೋಗುವ ಮುಂಚೆ, ಕೊಟ್ಟ ಮಾತಿನಂತೆ, ಗುಂಡಿಯನ್ನು ಪದರ ತಪ್ಪದೆ ಮುಚ್ಚಿಸಿದರು.

ತವರಿಗೆ ಹೋಗುವ ಗಾಡಿಯಲ್ಲಿ ಪ್ರಭಾವತಿಯ ತಲೆಯಲ್ಲಿ ಅದೇ ಯೋಚನೆ. ದಾರಿ ಬದಿಯ ಬಿದಿರು ಮೆಳೆ ನೋಡಿದಾಗ ಹೊಳೆಯಿತು. ದಪ್ಪ ಬಿದಿರನ್ನು ಉದ್ದಕ್ಕೆ ಸೀಳಿ ಗಿಣ್ಣಿನ ತಡೆ ತೆಗೆದರೆ ಅದೂ ಪೆಟ್ಟಿಗೆಯೇ ಅಲ್ಲವೇ?

ಅಣ್ಣ ಪಾರ್ಶ್ವರಾಜ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಎಲ್ರೂ ತವರಿಂದ ಹಪ್ಪಳ ಸಂಡಿಗೆ ತಗೊಂಡು ಹೋಗ್ತಾರೆ. ನೀನು ಮಣ್ಣು ಹೊತ್ಕೊಂಡು ಹೋಗ್ತೀಯಾ?"

"ಹಪ್ಪಳಾನೂ ತಗೊಂಡು ಹೋಗ್ತೀನಿ ಅಣ್ಣಯ್ಯಾ. ನೀ ಗುಂಡಿ ತೋಡಿಸು."

ನಕ್ಕರೂ ಗುಂಡಿ ತೋಡಿಸಿದ. ಮೆಣಸಿನ ಬಳ್ಳಿಗಳ ನಡುವೆಯೇ, ಕಲ್ಲುಕೊಪ್ಪದಂಥದ್ದೇ ಇಳಿಜಾರನ್ನು ಪ್ರಭಾವತಿ ಹುಡುಕಿದಳು. ಬಿದಿರ ಸೀಳನ್ನು ಗೋಡೆಗೆ ಒತ್ತಿ ಕಡಿದಾಗ ಒಣಮಣ್ಣು ಜರಜರನೆ ಉದುರಿ ಹೋಯಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಅಣ್ಣನಿಗೆ ಬೇಸರ ಬಂದು ಊಟಕ್ಕೆ ಎದ್ದುಹೋದ. ಅವಳು ಗೋಡೆಯ ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿ ಇಳಿಬಿಟ್ಟು, ಮಣ್ಣು ಮೆತ್ತಗಾಗಲು ಬಿಟ್ಟಳು. ಮರುದಿನ ಬೆಳಿಗ್ಗೆ ಪದರ ಪದರವೂ ಕೆಡದೆ ಬಿದಿರಿನೊಳಗೆ ಬಂತು. ಮುಚ್ಚಳವಾಗಿ ಇನ್ನೊಂದು ಸೀಳನ್ನು ಇಟ್ಟು ಬಳ್ಳಿಯಿಂದ ಬಿಗಿದು, ಹುಲ್ಲಿನ ಮೇಲೆ ಮಲಗಿಸಿ ಗಾಡಿಯಲ್ಲಿ ತಂದಳು. ಗಾಡಿ ಕುಲುಕಿದಾಗಲೆಲ್ಲ ಕೈ ಬಿದಿರಿನ ಮೇಲೇ ಇತ್ತು.

ಮಂಜುನಾಥಪ್ಪ ಮರಳಿ ಬಂದಾಗ ಅದನ್ನು ನೋಡಿ ಬಹಳ ಹಿಗ್ಗಿದರು. ಜಗಲಿಯ ಮೇಲೆ ಕಲ್ಲುಕೊಪ್ಪದ ಮಣ್ಣು ತುಂಬಿದ್ದ ಅವರ ಪೆಟ್ಟಿಗೆ, ಅದರ ಪಕ್ಕದಲ್ಲಿ ಬಿದಿರು. ಮನೆಯವರೆಲ್ಲ ಸುತ್ತ ನಿಂತರು. ಮೊದಲು ಎರಡರ ಮೇಲೂ ಒಂದೊಂದು ತೊಟ್ಟು ಆಸಿಡ್ ಬಿಟ್ಟರು. ಸುಣ್ಣದಂಶವಿದ್ದರೆ ನೊರೆ ಉಕ್ಕಬೇಕು. ಎರಡರಲ್ಲೂ ಉಕ್ಕಲಿಲ್ಲ. ನೆನೆಸಿದ ಮಣ್ಣಿಗೆ ನೀಲಿ ಕಾಗದ ಅದ್ದಿದರು. ಎರಡರಲ್ಲೂ ಅದು ಕೆಂಪಾಯಿತು.

"ಎರಡೂ ಹುಳಿ. ನೂರಾರು ವರ್ಷದ ಮಳೆ ಎರಡೂ ಕಡೆ ಮಣ್ಣಿನ ಸುಣ್ಣಾನೂ ತೊಳ್ಕೊಂಡು ಹೋಗಿದೆ. ಮೇಲಿನ ಪದರ ನೋಡಿ. ಇಲ್ಲಿಂದು ಹೆಚ್ಚು ಕಪ್ಪಿದೆ. ಸೊಪ್ಪು ಕೊಳೆತಿದ್ದು ಇದರಲ್ಲೇ ಜಾಸ್ತಿ."

"ಅಂದ್ರೆ?" ಎಂದಳು ಪ್ರಭಾವತಿ.

"ಅಂದ್ರೆ ಸತ್ವದ ಲೆಕ್ಕದಲ್ಲಿ ನಿಮ್ಮ ತವರಿಂದು ಹೆಚ್ಚೇನಲ್ಲ."

ಪ್ರಭಾವತಿಯ ಮುಖ ಕೆಂಪಾಯಿತು. ಇಷ್ಟು ದಿನ ಮನಸ್ಸಿನಲ್ಲಿ ಈ ನೆಲವನ್ನು ಬೈದದ್ದು ವಿನಾಕಾರಣವಾಯಿತಲ್ಲ. ಆದರೆ ನಾಚಿಕೆಯ ಜೊತೆಗೇ ಇನ್ನೊಂದು ತುಡಿತವೂ ಎದ್ದಿತು. ಹಾಗಾದರೆ ಬಳ್ಳಿ ಸತ್ತದ್ದು ಯಾಕೆ? ಅವಳು ಬಗ್ಗಿ ಎರಡರ ಮೇಲೂ ಬೆರಳಾಡಿಸುತ್ತ ಕೆಳಗೆ ಕೆಳಗೆ ಹೋದಳು. ತವರಿನ ಮಣ್ಣು ತಳದವರೆಗೂ ಒಂದೇ ಸಮನೆ ಕೆಂಪು. ಇಲ್ಲಿಯದರಲ್ಲಿ ಕೆಂಪಿನ ನಡುವೆ, ಅವತ್ತು ಗುಂಡಿಯಲ್ಲಿ ಅವಳ ಗಮನಕ್ಕೆ ಬಾರದಿದ್ದ ಬೂದು ಮಚ್ಚೆ, ಹಳದಿ ಮಚ್ಚೆ. ಅದರ ಕೆಳಗೆ ಉಗುರು ಇಳಿಯದ ಜಂಬಿಟ್ಟಿಗೆಯ ಕೆಂಪು ಕಲ್ಲು.

"ಈ ಮಚ್ಚೆ ಎಂಥದ್ದು? ಅಲ್ಲಿಂದರಲ್ಲಿ ಇಲ್ವಲ್ಲ!"

"ಅದನ್ನೇ ನಾನೂ ನೋಡ್ತಿದ್ದೆ" ಎಂದರು ಮಂಜುನಾಥಪ್ಪ. "ಮಣ್ಣಿಗೆ ಕೆಂಪು ಬರೋದು ಕಬ್ಬಿಣದ ತುಕ್ಕಿಂದ. ನೀರು ನಿಂತು ಗಾಳಿ ಆಡದೆ ಇದ್ರೆ ಆ ಬಣ್ಣ ಹೋಗಿ ಹೀಗೆ ಬೂದಿ ಬಣ್ಣ ಆಗತ್ತೆ. ಕೆಳಗಿನ ಜಂಬಿಟ್ಟಿಗೆ ಮಳೆಗಾಲದಲ್ಲಿ ನೀರು ಇಳಿಯೋಕೆ ಬಿಡಲ್ಲ."

"ಬೇರು ಅದರಲ್ಲೇ ಕೊಳೆತು ಬಳ್ಳಿ ಸಾಯತ್ತೆ ಅಂತೀರಾ?"

"ನೀರು ನಿಲ್ಲತ್ತೆ ಅನ್ನೋದು ಖಂಡಿತ. ಬಳ್ಳಿ ಸಾಯೋದು ಅದರಿಂದ್ಲೇ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ. ಮಾಡಿ ನೋಡ್ಬೇಕು."

ಪ್ರಭಾವತಿ ಮಾಡಿ ನೋಡಿದಳು. ಮಳೆಗಾಲಕ್ಕೆ ಮುಂಚೆ ಇಳಿಜಾರಿನ ಒಂದು ಭಾಗದಲ್ಲಿ ಜಂಬಿಟ್ಟಿಗೆ ಮುಟ್ಟುವವರೆಗೆ ಬಸಿಗಾಲುವೆ ತೆಗೆಸಿದಳು. ಇನ್ನೊಂದು ಭಾಗವನ್ನು ಇದ್ದ ಹಾಗೇ ಬಿಟ್ಟಳು. ಎರಡು ಕಡೆಯೂ ತವರಿನ ಬಳ್ಳಿ ಊರಿದಳು. "ಎಲ್ಲಾ ಕಡೆ ತೆಗೆಸಿದ್ರೆ ಎಲ್ಲಾ ಬಳ್ಳೀನೂ ಉಳೀತಿತ್ತಲ್ಲೇ" ಎಂದು ಶಾಂತರಾಜಯ್ಯ ಗೊಣಗಿದರು. "ಉಳಿದ್ರೂ ಯಾಕೆ ಉಳೀತು ಅಂತ ಗೊತ್ತಾಗ್ತಿರ್ಲಿಲ್ಲ" ಎಂದಳು. ಆಷಾಢದಲ್ಲಿ ಮಳೆಗೆ ಮರೆಯಾಗಿ ತಲೆ ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಹೋಗಿ ಎರಡೂ ಕಡೆ ಹಾರೆಯಿಂದ ತೂತು ಹೊಡೆದು, ಎಲ್ಲಿ ನೀರು ಮೇಲಕ್ಕೇರುತ್ತದೆ ಎಂದು ನೋಡಿದಳು. ಕಾಲುವೆಯಿಲ್ಲದ ಕಡೆ ತೂತಿನ ಬಾಯಿವರೆಗೂ ನೀರು ತುಳುಕುತ್ತಿತ್ತು.

ದೀಪಾವಳಿಯ ಹೊತ್ತಿಗೆ ಕಾಲುವೆಯ ಕಡೆಯ ಬಳ್ಳಿಗಳು ಬಹುಪಾಲು ಹಸಿರಾಗಿದ್ದವು. ಇನ್ನೊಂದು ಕಡೆಯವು ಹಳದಿಯಾಗಿ ಕಳಚಿ ಬಿದ್ದವು. ಆದರೂ ಕಾಲುವೆಯಿಲ್ಲದ ಕಡೆ ಒಂದು ಬಳ್ಳಿ ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಸೊಂಪಾಗಿ ನಿಂತಿತ್ತು. ಜ್ವಾಲಾಮಾಲಿನಮ್ಮ ಬದುಕಿದ ಬಳ್ಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ನನ್ನ ಮಾತು ತಪ್ಪಾಯ್ತು ಮಗಾ. ಬಾವಿ ಹತ್ರಾನೂ ಒಂದು ಊರಿಕೊಡು, ನಿನ್ನ ಕೈಲೇ" ಎಂದರು. ಸೊಸೆಗೆ ಕಣ್ಣು ತುಂಬಿತು. ಆದರೆ ಅವಳ ಮನಸ್ಸು ಆ ಒಂಟಿ ಬಳ್ಳಿಯ ಕಡೆಗೇ ಎಳೆಯುತ್ತಿತ್ತು. ಅದು ಯಾಕೆ ಬದುಕಿತು ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಆಮೇಲೆ ಅವಳಿಗೆ ಮಣ್ಣು ನೋಡುವುದೇ ಚಾಳಿಯಾಯಿತು. ಯಾರಾದರೂ ಬಾವಿ ತೋಡಿದರೆ ಇಣುಕುತ್ತಿದ್ದಳು. ಪರವೂರಿನ ನೆಂಟರು ಬಂದರೆ ಊಟದ ಮಧ್ಯೆ ಅವರ ಗುಡ್ಡದ ಮಣ್ಣಿನ ಬಣ್ಣ ವಿಚಾರಿಸುತ್ತಿದ್ದಳು. ಕೆಲವರು ನಕ್ಕರು, ಕೆಲವರು ಬಿದಿರ ಸೀಳಿನಲ್ಲಿ ಮಣ್ಣು ತಂದೇಕೊಟ್ಟರು.

ಕೆಲವು ವರ್ಷಗಳ ನಂತರ ಮನೆಯವರೆಲ್ಲ ಮೂಡುಬಿದಿರೆಯ ಬಸದಿಗಳ ದರ್ಶನಕ್ಕೆ ಹೊರಟರು. ಆಗುಂಬೆಯಲ್ಲಿ ಬಸ್ಸಿಳಿದು, ಘಾಟಿ ಇಳಿಯುವ ಸಣ್ಣ ಕಾರು ಹತ್ತಿದರು. ಒಂದು ತಿರುವಿನಲ್ಲಿ ಡ್ರೈವರು ಎಂಜಿನ್ ತಣಿಯಲೆಂದು ನಿಲ್ಲಿಸಿದ. ಉಳಿದವರು ಕೆಳಗೆ ಹಬ್ಬಿದ್ದ ಕಾಡನ್ನು ನೋಡುತ್ತ ನಿಂತರೆ, ಪ್ರಭಾವತಿ ಅದಕ್ಕೆ ಬೆನ್ನು ಮಾಡಿ ರಸ್ತೆಗಾಗಿ ಕಡಿದ ಗುಡ್ಡದ ಗೋಡೆಯ ಹತ್ತಿರ ಹೋದಳು. ಯಾವ ಗುಂಡಿಯೂ ಅಷ್ಟು ಆಳವನ್ನು ತೋರಿಸಿರಲಿಲ್ಲ. ಬುಡದಲ್ಲಿ ಕರಿಕಲ್ಲು. ಅದರ ಮೇಲೆ ಕಲ್ಲಿನ ಗೆರೆಗಳೆಲ್ಲ ಹಾಗೇ ಇದ್ದರೂ, ಬೆರಳಿಂದ ಒತ್ತಿದರೆ ಹಿಟ್ಟಾಗುವ ಬಿಳಿಚು ಮಣ್ಣು. ಅದರ ಮೇಲೆ ಕೆಂಪು. ಎಲ್ಲಕ್ಕೂ ಮೇಲೆ ಗಾಳಿಗೆ ಗಟ್ಟಿಯಾದ ಜಂಬಿಟ್ಟಿಗೆ.

"ರೀ, ಇಲ್ ಬನ್ನಿ" ಎಂದು ಗಂಡನನ್ನು ಕರೆದಳು. "ಕೆಳಗೆ ಕಲ್ಲು ಮಣ್ಣಾಗ್ತಿದೆ. ಮೇಲೆ ಮಣ್ಣು ಮತ್ತೆ ಕಲ್ಲಾಗ್ತಿದೆ. ಎರಡೂ ಒಂದೇ ಗೋಡೇಲಿ ನೋಡಿ!"

ಶಾಂತರಾಜಯ್ಯ ಬಂದರು. ಮೊದಲು ಹೆಂಡತಿಯ ಮುಖ ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು. ಡ್ರೈವರು ಹಾರನ್ ಒತ್ತಿದ. "ಒಂದು ಗಳಿಗೆ ಇರಪ್ಪಾ" ಎಂದು ಕೈಯೆತ್ತಿ, ಅವರೂ ಆ ಬಿಳಿಚು ಮಣ್ಣನ್ನು ಬೆರಳಿನಿಂದ ಒತ್ತಿ ನೋಡತೊಡಗಿದರು.