ಬಾಗಿನದ ಜೊತೆ ಬಂದ ಟೀ ಸೊಪ್ಪು

ಟೀ ವಿಷಯದಲ್ಲಿ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದರೆ ಮನೆಯವರು ನಗುತ್ತಾರೆ. ನಗಲಿ. ಅರವತ್ತರ ದಶಕವನ್ನು ಕಾಮಗೆರೆಯ ಅತ್ತೆಮನೆಯ ಆ ಅಡುಗೆಮನೆಯಲ್ಲಿ ಕಳೆದವಳು ನಾನು, ಅವರಲ್ಲ.

ನನ್ನ ತವರು ಯಳಂದೂರು. ಅಣ್ಣ ನೀಲಗಿರಿ ಬೆಟ್ಟದ ಮೇಲಿನ ಒಂದು ಟೀ ಫ್ಯಾಕ್ಟರಿಯಲ್ಲಿ, ಒಣಗಿದ ಸೊಪ್ಪನ್ನು ಜರಡಿ ಹಿಡಿಯುವ ಕಡೆ ಕೆಲಸಕ್ಕಿದ್ದ. ಗೌರಿ ಹಬ್ಬಕ್ಕೆ ನನಗೆ ಬಾಗಿನ ತರುವಾಗಲೆಲ್ಲ ಮೊರದ ಜೊತೆಗೆ ಪುಟ್ಟ ಪುಟ್ಟ ಬಟ್ಟೆಯ ಗಂಟುಗಳಲ್ಲಿ ಟೀ ಸೊಪ್ಪು ತರುತ್ತಿದ್ದ. ಒಂದೊಂದು ಗಂಟಿನಲ್ಲೂ ಒಂದೊಂದು ಬಗೆ. ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದುದು ಮಣ್ಣಿನಂಥ ಪುಡಿ. ಇವು ಎಲೆ ಎಲೆಯಾಗಿಯೇ ಸುರುಳಿ ಸುತ್ತಿಕೊಂಡಿರುತ್ತಿದ್ದವು. "ಆಲು ಬೆಲ್ಲ ಆಕ್ಬೇಡ ಕಣಮ್ಮಿ. ನೀರು ಕುದ್ದ ಮ್ಯಾಲೆ ಕೆಳಗಿಳಿಸಿ ಸೊಪ್ಪಾಕಿ ಮುಚ್ಚಿಡು. ಕುಡ್ದು ಎಂಗದೆ ಅಂತ ನಂಗೆ ಏಳು" ಅನ್ನುತ್ತಿದ್ದ. ಚಿಕ್ಕವನಿದ್ದಾಗ ಬೀದಿಯಲ್ಲಿ ನಿಂತೇ ಯಾರ ಮನೆಯಲ್ಲಿ ಯಾವ ಸಾರು ಎಂದು ಹೇಳುತ್ತಿದ್ದ ಮೂಗು ಅವನದು. ಅಂಥವನು ಆರಿಸಿ ತಂದದ್ದನ್ನು ಅವನು ಹೇಳಿದ ಹಾಗೇ ಕುಡಿಯಬೇಕು, ಹೀಗಿತ್ತು ಎಂದು ಅವನಿಗೆ ಹೇಳಬೇಕು. ನನ್ನ ಆಸೆ ಅಷ್ಟೇ ಇದ್ದದ್ದು.

ಒಲೆ ಮಾತ್ರ ಅತ್ತೆಯ ಕೈಯಲ್ಲಿತ್ತು. ಮೊದಲನೇ ಸಲ ನಾನು ಗಂಟುಗಳನ್ನು ಬಿಚ್ಚಿ ಒಂದೊಂದನ್ನೂ ಮೂಸಿ ನೋಡಿದ್ದೆ. ಒಂದಕ್ಕೆ ಮಳೆ ಬಿದ್ದ ಹುಲ್ಲುಮೆದೆಯ ವಾಸನೆ, ಇನ್ನೊಂದಕ್ಕೆ ಸಣ್ಣಗೆ ಹೊಗೆಯ ವಾಸನೆ, ಮತ್ತೊಂದಕ್ಕೆ ಯಾವುದೋ ಹೂವಿನದು. ನೀರು ತಂದು ಒಳಗೆ ಬರುವುದರಲ್ಲಿ ಅತ್ತೆ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಕುಲುಕುತ್ತಿದ್ದರು. "ಸೊಪ್ಪು ಸೊಪ್ಪೇ ತಾನೆ, ಅದ್ಕೇನು ಬೇರೆ ಬೇರೆ ಮನೆ?" ಎಂದರು. ಆಮೇಲೆ ನೀರು, ಸೊಪ್ಪು, ಅಚ್ಚುಬೆಲ್ಲ, ಎಮ್ಮೆ ಹಾಲು ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದವು. ಪಾಯಸ ಕುಡಿದ ಹಾಗಿತ್ತು. ಟೀ ಎಲ್ಲಿತ್ತೋ ಶಿವನೇ ಬಲ್ಲ.

ಮುಂದಿನ ವರ್ಷ ಅಣ್ಣ ಹಸಿರು ಬಣ್ಣದ ಸೊಪ್ಪು ತಂದ. ಅದರ ಬಣ್ಣ ಹಾಗೇ ಇರಬೇಕಂತೆ. ಅತ್ತೆಗೆ ಅದು ನಂಬಿಕೆಯಾಗಲಿಲ್ಲ. "ಪಾಪ, ಅವಸರದಲ್ಲಿ ಒಣಗ್ದೇ ಇರದ್ನೇ ತಂದ್ಬುಟ್ಟವ್ನೆ" ಎಂದು, ಆಗಷ್ಟೇ ಹುರುಳಿ ಹುರಿದಿದ್ದ ಬಾಣಲೆಯಲ್ಲಿ ಅದನ್ನೂ ಹದವಾಗಿ ಹುರಿದಿಟ್ಟರು. ಆ ವರ್ಷವೆಲ್ಲ ನಾವು ಹುರುಳಿಯ ಟೀ ಕುಡಿದೆವು.

ಮತ್ತೊಂದು ಸಲ ನಾನೇ ಜಾಣತನ ಮಾಡಲು ಹೋದೆ. ರೇಷ್ಮೆ ಹುಳು ಸಾಕುವ ಕೋಣೆಗೆ ಯಾರೂ ಸುಮ್ಮನೆ ನುಗ್ಗುವುದಿಲ್ಲವಲ್ಲ, ಅಲ್ಲಿ ತಟ್ಟೆಗಳ ಹಿಂದೆ ಗಂಟನ್ನು ಬಚ್ಚಿಟ್ಟೆ. ಎಲ್ಲರೂ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಅಣ್ಣ ಹೇಳಿದಂತೆಯೇ ಟೀ ಮಾಡಿಕೊಂಡು ಬಾಯಿಗಿಟ್ಟರೆ ಬರೀ ಹುಳುವಿನ ಹಿಕ್ಕೆಯ ವಾಸನೆ. ಟೀ ಸೊಪ್ಪು ಪಕ್ಕದಲ್ಲಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆಂದು ನನಗೇನು ಕನಸು ಬಿದ್ದಿತ್ತೇ? ಹಿತ್ತಲಿಗೆ ಚೆಲ್ಲಿ, ಬಾಯಿ ಮುಕ್ಕಳಿಸಿ, ಒಬ್ಬಳೇ ಕೂತು ಕಣ್ಣೀರು ಹಾಕಿದೆ. ಯಜಮಾನರ ಹತ್ತಿರ ಹೇಳಿಕೊಂಡರೆ, "ಟೀ ಅಂದ್ರೆ ಬಿಸಿಯಾಗಿರ್ಬೇಕು, ಸಿಹಿಯಾಗಿರ್ಬೇಕು. ಇನ್ನೇನದೆ ಅದ್ರಲ್ಲಿ?" ಎಂದರು.

ಅಣ್ಣ ಮಾತ್ರ ಬಂದಾಗಲೆಲ್ಲ ಕೇಳುವುದನ್ನು ಬಿಡಲಿಲ್ಲ. "ಎಂಗಿತ್ತಮ್ಮಿ?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ ಎಂಗೆ?"

ಅವನ ಮೇಲೂ ಕೋಪ ಬರುತ್ತಿತ್ತು. ಹಗಲೆಲ್ಲ ಟೀ ರಾಶಿಯ ಮಧ್ಯೆಯೇ ಇರುವವನು, ತಾನೇ ಕುಡಿದು ನೋಡಿದರಾಯಿತಪ್ಪ, ನನ್ನ ಪ್ರಾಣ ಯಾಕೆ ತಿನ್ನಬೇಕು?

ಅವನಿಗೆ ರಜ ಸಿಗದೆ ಹಬ್ಬ ಕಳೆದ ಮೇಲೆ ಬಾಗಿನ ತಂದದ್ದು ಒಂದೇ ವರ್ಷ. ಅವನು ಬಂದ ದಿನ ಅತ್ತೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು. ಅಣ್ಣ ಗಂಟು ಕೈಗಿಟ್ಟ ಕೂಡಲೇ ನೀರಿಟ್ಟೆ. ಕುದಿಸಿ, ಇಳಿಸಿ, ಸೊಪ್ಪು ಹಾಕಿ, ತಟ್ಟೆ ಮುಚ್ಚಿ, ಉಸಿರು ಬಿಗಿ ಹಿಡಿದು ಕೂತೆ. ಲೋಟಗಳಿಗೆ ಬಗ್ಗಿಸಿದರೆ ಹೊಸ ಜೇನಿನ ಬಣ್ಣ. ಒಂದೇ ಒಂದು ಗುಟುಕು ಕುಡಿದಿದ್ದೆ. ನಾಲಿಗೆಗೆ ಮೊದಲು ಒಗರು ತಗುಲಿತು. ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬರುತ್ತದಲ್ಲ, ಅಂಥ ಸಿಹಿ ಗಂಟಲಿನಿಂದ ಮೇಲಕ್ಕೆ ಬಂತು.

ಅಷ್ಟರಲ್ಲಿ ಹನೂರಿನ ಬಸ್ಸು ಇಳಿದು ಅತ್ತೆ ಬಂದೇ ಬಿಟ್ಟರು. ಅಣ್ಣನ ಲೋಟದೊಳಗೆ ಇಣುಕಿದ್ದೇ ತಡ, ಅವರ ಮುಖ ಕಪ್ಪಿಟ್ಟಿತು. "ಬಾಗ್ನ ತಂದ ಅಣ್ಣಂಗೆ ಬರೀ ನೀರು ಕೊಟ್ಟಿದ್ದೀಯಲ್ಲಮ್ಮಿ. ನಮ್ಮನೇಲಿ ಕರಾವಿಲ್ವಾ, ಆಲಿಗೇನು ಬರವಾ?" ಎಂದವರೇ ಹಾಲಿನ ಚೊಂಬು ತಂದು ಅವನ ಲೋಟಕ್ಕೂ ನನ್ನದಕ್ಕೂ ಕೊನೆಗೆ ಪಾತ್ರೆಗೂ ಸುರಿದರು. ಒಂದೊಂದು ಉಂಡೆ ಬೆಲ್ಲವನ್ನೂ ಹಾಕಿದರು. "ಕುಡಿಯಪ್ಪ, ಇವ್ಳ್ಗೆ ತಿಳುವಳ್ಕೆ ಸಾಲ್ದು" ಎಂದು ಅಣ್ಣನಿಗೆ ಹೇಳುವಾಗ ಅವರ ದನಿ ನಾಚಿಕೆಯಿಂದ ಕುಗ್ಗಿತ್ತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಅತ್ತೆ ಬೆಟ್ಟದ ಪ್ರಸಾದ ಬಿಚ್ಚಲು ಒಳಗೆ ಹೋದರು. ಅಣ್ಣ ಲೋಟ ಎತ್ತಿ ನೆಮ್ಮದಿಯಾಗಿ ಕುಡಿಯತೊಡಗಿದ. "ಆಲು ಆಕ್ಬೇಡ ಅಂತ ಏಳ್ಕೊಟ್ಟೋನು ನೀನೇ ಅಲ್ವಾ? ಈಗ ನೀನೇ ಎಂಗೆ ಕುಡೀತಾ ಇದ್ದೀಯ?" ಎಂದು ಅವನ ಮೇಲೆ ಹರಿಹಾಯ್ದೆ.

"ನಂಗೆ ಎರಡೂ ಒಂದೇಯ ಕಣಮ್ಮಿ" ಎಂದ. "ಜರಡಿ ಧೂಳು ಕುಡ್ದು ಕುಡ್ದು ಮೂಗು ಸತ್ತೋಗಿ ಎಷ್ಟೋ ವರ್ಸ ಆಯ್ತು. ವಾಸ್ನೆ ಇಲ್ಲ, ರುಚಿನೂ ಇಲ್ಲ. ನೀನಾರ ಕುಡ್ದು ಏಳಿದ್ರೆ ನಂಗೂ ತಿಳೀತದೆ ಅಂತ ತರ್ತಿದ್ದೆ."

ನನ್ನ ಲೋಟವನ್ನು ಪಕ್ಕಕ್ಕಿಟ್ಟೆ. ಆಮೇಲೆ ಆ ಒಂದು ಗುಟುಕಿನ ವಿಷಯ ಹೇಳಿದೆ. ಒಗರು ಹೇಳಿದೆ, ನೆಲ್ಲಿಕಾಯಿ ಹೇಳಿದೆ, ನೀರು ಹೇಳಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ಬೀದಿಯಲ್ಲಿ ನಿಂತು ಸಾರಿನ ವಾಸನೆ ಹಿಡಿಯುವಾಗಲೂ ಹಾಗೇ ಕಣ್ಣು ಮುಚ್ಚುತ್ತಿದ್ದ.

"ಮದ್ಲು ತಂದಿದ್ನಲ್ಲ, ಅವು? ಆ ಹಸಿರುದು?" ಎಂದ.

ಅವುಗಳ ನೆನಪಾಗಿ ನನ್ನ ನಾಲಿಗೆಯ ಮೇಲೆ ಇದ್ದದ್ದು ಬರೀ ಬೆಲ್ಲ, ಹುರುಳಿ. "ಅವೂ ಇಂಗೇಯ ಇದ್ವು ಅಣ್ಣ" ಎಂದೆ.

ಅವನು ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಎಲ್ಲಾ ಒಂದೇ ತರ ಇರಾಕಿಲ್ಲ ಕಣಮ್ಮಿ" ಎಂದ.